ಗಟ್ಟಿ ಫೋನ್ ಬೇಕು, ಸೌಲಭ್ಯವೂ ಬೇಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಶುರುವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಳಾದ ಫೋನಿನ ಬಗ್ಗೆಯೇ ಇರುತ್ತವೆ. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಮಳೆ ನಿಂತರೆ ಸೆಕೆ, ಬೆವರು, ಉಪ್ಪುಗಾಳಿ. ಫೋನಿಗೆ ಇದಕ್ಕಿಂತ ಕಷ್ಟದ ಊರು ಹುಡುಕಬೇಕು. ಉಡುಪಿಯಲ್ಲಿ ರಿಪೇರಿ ಟೇಬಲ್ ಮುಂದೆ ಕೂತು ನನಗೆ 18 ವರ್ಷವಾಯಿತು. ಈ ಸಲ ಬಂದ ಪತ್ರಗಳೆಲ್ಲ ಸುತ್ತಿ ಬಳಸಿ ಒಂದೇ ಮಾತು ಕೇಳುತ್ತಿವೆ. ಫೋನ್ ಬಾಳಿಕೆ ಬರಬೇಕಾದರೆ ಉಪಯೋಗದ ಸೌಲಭ್ಯಗಳನ್ನು ಬಿಟ್ಟುಕೊಡಲೇಬೇಕಾ? ಒಂದೊಂದೇ ಪತ್ರ ಓದೋಣ.

ನಾನು ಮಲ್ಪೆ ಮೀನುಗಾರಿಕೆ ಬಂದರಿನ ದಕ್ಕೆಯಲ್ಲಿ ಮೀನಿನ ಏಲಂ ಲೆಕ್ಕ ಬರೆಯುವವ. ಐಪಿ68 ಉಂಟು, ನೀರು ಒಳಗೆ ಹೋಗುವುದಿಲ್ಲ ಅಂತ ಹೇಳಿದರು, ಅದಕ್ಕೇ ಜಾಸ್ತಿ ದುಡ್ಡು ಕೊಟ್ಟು ಫೋನ್ ತೆಗೆದುಕೊಂಡೆ. ಬೋಟಿನಿಂದ ಇಳಿಯುವಾಗ ಕಿಸೆಯಿಂದ ಜಾರಿ ನೀರಿಗೆ ಬಿತ್ತು. ಅರ್ಧ ನಿಮಿಷದಲ್ಲೇ ತೆಗೆದೆ. ಎರಡು ದಿನ ಸರಿ ಇತ್ತು, ಮೂರನೇ ದಿನ ಚಾರ್ಜ್ ಆಗಲಿಲ್ಲ, ಐದನೇ ದಿನ ಪೂರ್ತಿ ಹೋಯಿತು. ಸರ್ವಿಸ್ ಸೆಂಟರಿನಲ್ಲಿ ನೀರು ಹೋಗಿದೆ, ವಾರಂಟಿ ಇಲ್ಲ ಎಂದರು. ಹಾಗಾದರೆ ಐಪಿ68 ಅಂದರೆ ಸುಳ್ಳಾ ಅಣ್ಣ?
(ಮಲ್ಪೆಯ ಓದುಗರು)

ಸುಳ್ಳಲ್ಲ. ನೀವು ಅಂದುಕೊಂಡದ್ದು ಒಂದು, ಅವರು ಪರೀಕ್ಷೆ ಮಾಡಿದ್ದು ಇನ್ನೊಂದು. ಐಪಿ ಎನ್ನುವುದು ಅಂತರರಾಷ್ಟ್ರೀಯ ಮಾನದಂಡ, ಐಇಸಿ 60529 ಅಂತ ಅದರ ನಂಬರು. ಮೊದಲ ಅಂಕಿ ಧೂಳಿನದ್ದು, ಎರಡನೆಯದು ನೀರಿನದ್ದು. 6 ಇದ್ದರೆ ಧೂಳು ಒಳಗೆ ಹೋಗುವುದಿಲ್ಲ. 7 ಇದ್ದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟರೂ ತೊಂದರೆಯಿಲ್ಲ. 8 ಅದಕ್ಕಿಂತ ಕಠಿಣ, ಎಷ್ಟು ಆಳ, ಎಷ್ಟು ಹೊತ್ತು ಎನ್ನುವುದನ್ನು ಕಂಪನಿಯೇ ಹೇಳಬೇಕು. ಆದರೆ ಇದೆಲ್ಲ ನಡೆಯುವುದು ಹೊಸ ಫೋನಿನ ಮೇಲೆ, ಲ್ಯಾಬಿನಲ್ಲಿ, ಸಿಹಿನೀರಿನಲ್ಲಿ. ದಕ್ಕೆಯ ನೀರಿನಲ್ಲಿ ಉಪ್ಪು ಉಂಟು, ಡೀಸೆಲ್ ಉಂಟು, ಮೀನಿನ ಜಿಡ್ಡು ಉಂಟು.

ನಿಮ್ಮದರಂಥದ್ದೇ ಒಂದು ಫೋನನ್ನು ಈಚೆಗೆ ಬಿಚ್ಚಿದೆ. ಹಿಂದಿನ ಗ್ಲಾಸನ್ನು ಬಿಸಿ ಮಾಡಿ, ತೆಳು ಪಿಕ್ ತೂರಿಸಿ, ಅಂಟು ಎಳೆ ಎಳೆಯಾಗಿ ಬಿಡಿಸಿಕೊಂಡು ಮುಚ್ಚಳ ಎತ್ತಿದರೆ ಮೇಲಿನ ಅರ್ಧ ನಿನ್ನೆ ಕಾರ್ಖಾನೆಯಿಂದ ಬಂದಷ್ಟು ಶುಭ್ರವಾಗಿತ್ತು. ಮದರ್‌ಬೋರ್ಡ್ ಒಣಗಿತ್ತು, ಕ್ಯಾಮೆರಾ ಫಳಫಳ ಎನ್ನುತ್ತಿತ್ತು. ಕೆಳಗೆ ನೋಡಿದರೆ, ಚಾರ್ಜಿಂಗ್ ಪಿನ್ ಇರುವ ಸಬ್ ಬೋರ್ಡಿನ ಅಂಚಿನಲ್ಲಿ, ಒಣಮೀನಿನ ಮೇಲೆ ಕೂತಿರುತ್ತದಲ್ಲ, ಅಂಥ ಬಿಳಿ ಉಪ್ಪು. ಪಿನ್ನುಗಳಲ್ಲಿ ಎರಡು ಹಸಿರು ತಿರುಗಿ ಪುಡಿಪುಡಿಯಾಗಿದ್ದವು. ಅಂದರೆ ಸಮುದ್ರ ಫೋನಿನ ಒಳಗೆಲ್ಲ ನುಗ್ಗಿರಲಿಲ್ಲ. ಬಾಗಿಲಲ್ಲೇ ಕೂತು ಬಾಗಿಲನ್ನು ತಿಂದಿತ್ತು. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ. ಒದ್ದೆ ಪಿನ್ನಿಗೆ ಚಾರ್ಜರ್ ಸಿಕ್ಕಿಸಿದ ಕೂಡಲೇ ಒಂದು ಪಿನ್ನಿನಿಂದ ಇನ್ನೊಂದಕ್ಕೆ ನೀರಿನ ಮೂಲಕವೇ ಕರೆಂಟ್ ಹರಿದು ಲೋಹ ಕರಗತೊಡಗುತ್ತದೆ. ಫೋನ್ ಬಿದ್ದ ದಿನ ರಾತ್ರಿಯೇ ನೀವು ಚಾರ್ಜಿಗೆ ಹಾಕಿರಬೇಕು, ಎಲ್ಲರೂ ಹಾಗೇ ಮಾಡುತ್ತಾರೆ. ಎರಡು ದಿನ ಸರಿ ಇದ್ದು ಆಮೇಲೆ ಹೋಗುವುದು ಇದೇ ಕಾರಣಕ್ಕೆ.

ದಕ್ಕೆಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಐಪಿ68 ಇದ್ದ ಮಾತ್ರಕ್ಕೆ ಪೈಪಿನ ನೀರಿಗೂ ತಡೆಯುತ್ತದೆ ಅಂತಲ್ಲ. ರಭಸದಿಂದ ಹೊಡೆಯುವ ನೀರಿಗೆ 5 ಮತ್ತು 6 ಎನ್ನುವ ಬೇರೆ ಪರೀಕ್ಷೆ ಇದೆ. ಮುಳುಗಿಸುವ ಪರೀಕ್ಷೆ ಪಾಸಾದರೆ ಅದೂ ತಾನಾಗಿ ಪಾಸು ಎಂದು ಲೆಕ್ಕವಿಲ್ಲ. ಬಿಸಿನೀರನ್ನು ಜೋರಾಗಿ ಹೊಡೆದು ನೋಡುವುದಕ್ಕೆ 9. ಅದಕ್ಕೇ ಈಗ ಕೆಲವು ಪೆಟ್ಟಿಗೆಗಳ ಮೇಲೆ ಐಪಿ66, ಐಪಿ68, ಐಪಿ69 ಅಂತ ಮೂರನ್ನೂ ಬರೆಯುತ್ತಾರೆ. ಕ್ರೇಟು ತೊಳೆಯುವ ಪೈಪಿನ ಹತ್ತಿರ ದಿನವಿಡೀ ಇರುವವರು ಮೂರೂ ಇರುವುದನ್ನು ನೋಡಿ ತೆಗೆದುಕೊಳ್ಳಿ.

ಮುಂದೆ ಎಂದಾದರೂ ಸಮುದ್ರದ ನೀರಿಗೆ ಬಿದ್ದರೆ ಮೊದಲು ಸ್ವಿಚ್ ಆಫ್ ಮಾಡಿ. ಐಪಿ68 ಇರುವ, ಗ್ಲಾಸ್ ಎಲ್ಲೂ ಬಿರುಕು ಬಿಡದ ಫೋನಾದರೆ ಶುಭ್ರ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಉಪ್ಪು ಬಿಡಿಸಿ. ಚಾರ್ಜಿಂಗ್ ತೂತು ಕೆಳಮುಖ ಮಾಡಿ ಅಂಗೈಗೆ ತಟ್ಟಿ, ಫ್ಯಾನ್ ಗಾಳಿಗೆ ಇಡಿ. ಒಂದು ದಿನ ಪೂರ್ತಿ ಚಾರ್ಜರ್ ಹತ್ತಿರ ತರಬೇಡಿ. ಕುಚ್ಚಲಕ್ಕಿ ಡಬ್ಬಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿ ಮನೆಮನೆಯಲ್ಲೂ ಉಂಟು, ದಯವಿಟ್ಟು ಬಿಟ್ಟುಬಿಡಿ. ಅಕ್ಕಿಯ ಸಣ್ಣ ಪುಡಿ ತೂತಿನೊಳಗೆ ಹೋಗಿ ಕೂರುತ್ತದೆ. ಆಪಲ್ ಕಂಪನಿಯೇ ಅಕ್ಕಿಗೆ ಹಾಕಬೇಡಿ ಎಂದು ತನ್ನ ಸೂಚನೆಯಲ್ಲಿ ಬರೆದಿದೆ.

ವಾರಂಟಿ ವಿಷಯಕ್ಕೆ ಬಂದರೆ ನನಗೂ ನಿಮ್ಮಷ್ಟೇ ಬೇಜಾರು. ಜಾಹೀರಾತಿನಲ್ಲಿ ಫೋನ್ ನೀರಿನೊಳಗೆ ಮುಳುಗಿರುತ್ತದೆ, ವಾರಂಟಿ ಕಾಗದದಲ್ಲಿ ಮಾತ್ರ ನೀರಿನ ಹಾನಿಗೆ ನಾವು ಜವಾಬ್ದಾರರಲ್ಲ ಎಂದಿರುತ್ತದೆ. ಹೆಚ್ಚಿನ ಕಂಪನಿಗಳದ್ದು ಇದೇ ಕಥೆ. ಫೋನಿನ ಸುತ್ತ ಇರುವ ಅಂಟು ಮತ್ತು ರಬ್ಬರ್ ಸೀಲು ಕಾಲ ಕಳೆದಂತೆ, ಬಿದ್ದಂತೆ, ಬಿಸಿಯಾದಂತೆ ಸಡಿಲವಾಗುತ್ತದೆ, ಆ ಕಾರಣ ನಿಜವೇ. ಹಾಗಿದ್ದರೆ ಅದನ್ನು ಮಾರುವಾಗಲೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹೇಳಬೇಕಲ್ಲವೇ? ಅಂಗಡಿಯವರು ನೀರಿಗೂ ವಾರಂಟಿ ಇದೆ ಎಂದು ನಿಮಗೆ ಬರೆದುಕೊಟ್ಟಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.

ನಾನು ಕಿನ್ನಿಗೋಳಿಯವ. ಯಕ್ಷಗಾನ ಆಟ ರೆಕಾರ್ಡ್ ಮಾಡುವುದೆಂದರೆ ನನಗೆ ಪ್ರಾಣ. 2014ರಲ್ಲಿ ತೆಗೆದ ಫೋನಿನಲ್ಲಿ ಬ್ಯಾಟರಿ ಬದಲಾಯಿಸಬಹುದಿತ್ತು, ಮೆಮೊರಿ ಕಾರ್ಡ್ ಹಾಕಬಹುದಿತ್ತು, ವಯರ್ ಇರುವ ಮೈಕ್ ಸಿಕ್ಕಿಸಬಹುದಿತ್ತು. ಈಗಿನದರಲ್ಲಿ ಮೂರೂ ಇಲ್ಲ. ನೀರು ಹೋಗಬಾರದು ಅಂತ ತೂತುಗಳನ್ನೆಲ್ಲ ತೆಗೆದಿದ್ದಾರೆ ಎಂದು ಅಂಗಡಿಯಲ್ಲಿ ಹೇಳಿದರು. ಹೌದಾ ಸರ್?
(ಕಿನ್ನಿಗೋಳಿಯ ಓದುಗರು)

ಈ ಮಾತನ್ನು ನಾನೂ ಸುಮಾರು ಕೇಳಿದ್ದೇನೆ. ಚರಿತ್ರೆ ನೋಡಿದರೆ ಅದು ಪೂರ್ತಿ ನಿಲ್ಲುವುದಿಲ್ಲ.

2014ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಬಂತು. ಹಿಂದಿನ ಮುಚ್ಚಳ ಉಗುರಿನಲ್ಲಿ ತೆಗೆದರೆ ಬ್ಯಾಟರಿ ಕೈಗೆ ಬರುತ್ತಿತ್ತು, ಮೆಮೊರಿ ಕಾರ್ಡ್ ಇತ್ತು, ವಯರ್ ಮೈಕ್ ಸಿಕ್ಕಿಸುವ ಹೆಡ್‌ಫೋನ್ ಜ್ಯಾಕ್ ಇತ್ತು, ಅದರ ಮೇಲೆ ಐಪಿ67 ಕೂಡ ಇತ್ತು. ಮುಚ್ಚಳದ ಒಳಬದಿಯಲ್ಲಿ ಬ್ಯಾಟರಿಯ ಸುತ್ತ ತೆಳು ರಬ್ಬರ್ ಪಟ್ಟಿ, ಚಾರ್ಜಿಂಗ್ ತೂತಿಗೆ ಸಣ್ಣ ಮುಚ್ಚಳ, ಅಷ್ಟೇ. ಮರುವರ್ಷ ಬಂದ ಎಸ್6ರಲ್ಲಿ ಗ್ಲಾಸು, ಲೋಹದ ಚಂದ ಬಂತು, ಬ್ಯಾಟರಿ ತೆಗೆಯುವುದು ಹೋಯಿತು, ಕಾರ್ಡ್ ಹೋಯಿತು, ನೀರಿನ ರಕ್ಷಣೆಯೂ ಹೋಯಿತು! 2016ರ ಎಸ್7ರಲ್ಲಿ ಐಪಿ68 ಬಂತು, ಕಾರ್ಡ್ ವಾಪಸ್ ಬಂತು, ಜ್ಯಾಕ್ ಹಾಗೆಯೇ ಇತ್ತು. ಅದೇ ವರ್ಷ ಐಫೋನ್ 7ರಲ್ಲಿ ಜ್ಯಾಕ್ ತೆಗೆದು ಐಪಿ67 ಕೊಟ್ಟರು. ಒಂದೇ ವರ್ಷದ ಎರಡು ಫೋನು, ಜ್ಯಾಕ್ ಇದ್ದದ್ದು ಐಪಿ68, ಇಲ್ಲದ್ದು ಐಪಿ67. ಹಾಗಾಗಿ ನೀರಿಗೋಸ್ಕರವೇ ಜ್ಯಾಕ್ ಹೋಯಿತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಂತ ಕಾರಣವೇ ಇಲ್ಲ ಎಂದರೆ ಅದೂ ಸರಿಯಲ್ಲ. ಫೋನಿನೊಳಗೆ ಜಾಗ ಅಂದರೆ ಮಂಗಳೂರಿನ ಸಿಟಿ ಬಸ್ಸಿನಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಯ ಸೀಟಿನ ಹಾಗೆ. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ತೆಗೆಯುವ ಬ್ಯಾಟರಿಗೆ ಅದರದ್ದೇ ಗಟ್ಟಿ ಕವಚ ಬೇಕು, ಇಲ್ಲದಿದ್ದರೆ ಕಿಸೆಯಲ್ಲಿಟ್ಟು ಬಗ್ಗಿಸಿದರೆ ಅಪಾಯ. ಅದು ಕೂರಲು ಫೋನಿನೊಳಗೆ ಒಂದು ಗುಂಡಿ, ಸುತ್ತ ಗೋಡೆ, ಮೇಲೊಂದು ಮುಚ್ಚಳ, ಮುಚ್ಚಳಕ್ಕೆ ಕೊಕ್ಕೆ. ಇಷ್ಟೂ ಸೇರಿ ಬ್ಯಾಟರಿಯ ಜಾಗವನ್ನೇ ತಿನ್ನುತ್ತವೆ. 2022ರಲ್ಲಿ ಬಂದ ಗ್ಯಾಲಕ್ಸಿ ಎಕ್ಸ್‌ಕವರ್6 ಪ್ರೊ ನೋಡಿ. ಬ್ಯಾಟರಿ ತೆಗೆಯಬಹುದು, ಕಾರ್ಡ್ ಉಂಟು, ಜ್ಯಾಕ್ ಉಂಟು, ಐಪಿ68 ಉಂಟು, ಅಂದರೆ ನೀವು ಕೇಳಿದ್ದೆಲ್ಲ ಒಂದೇ ಫೋನಿನಲ್ಲಿ ಸಾಧ್ಯ. ಆದರೆ ದಪ್ಪ 9.9 ಮಿಲಿಮೀಟರ್, ತೂಕ 235 ಗ್ರಾಂ, ಇಷ್ಟಿದ್ದೂ ಬ್ಯಾಟರಿಯಲ್ಲಿ ಹಿಡಿಯುವ ಚಾರ್ಜ್ 4050 ಎಂಎಎಚ್ ಅಷ್ಟೇ. ಅದಕ್ಕಿಂತ ತೆಳುವಾದ ಮಾಮೂಲಿ ಫೋನಿನಲ್ಲಿ ಅಂಟಿಸಿದ 5000 ಎಂಎಎಚ್ ಬ್ಯಾಟರಿ ಆರಾಮಾಗಿ ಕೂರುತ್ತದೆ. ಇದು ನಿಜವಾದ ಕೊಡುಕೊಳ್ಳುವಿಕೆ. ಇದನ್ನು ನೇರವಾಗಿ ಹೇಳಿದ್ದರೆ ನಾವೇ ಯೋಚಿಸಿ ಆರಿಸಿಕೊಳ್ಳುತ್ತಿದ್ದೆವು. ನಮ್ಮ ಆಯ್ಕೆಯನ್ನೇ ತೆಗೆದು, ತೆಗೆದದ್ದು ನಿಮ್ಮ ಒಳ್ಳೆಯದಕ್ಕೆ ಎಂದರೆ ನನಗೆ ಸಿಟ್ಟು ಬರುತ್ತದೆ.

ಮೆಮೊರಿ ಕಾರ್ಡ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಖಡಕ್. ಸಿಮ್ ಟ್ರೇ ಹೇಗೂ ಇದ್ದೇ ಇದೆ, ಅದರ ಸುತ್ತ ರಬ್ಬರ್ ಸೀಲೂ ಇದೆ. ಅದೇ ಟ್ರೇಯಲ್ಲಿ ಕಾರ್ಡಿಗೂ ಜಾಗ ಮಾಡಿದರೆ ಹೊಸ ತೂತು ಬೇಡ. ಕಾರ್ಡ್ ಹೋದದ್ದು ನೀರಿಗಾಗಿ ಅಲ್ಲ, 128 ಜಿಬಿಯವರು 256 ಜಿಬಿ ತೆಗೆದುಕೊಳ್ಳಲಿ ಅಂತ ಎಂದೇ ನಾನು ನಂಬಿದ್ದೇನೆ. ಅದೂ ಅಲ್ಲದೆ ಬಾಳಿಕೆಯ ದೃಷ್ಟಿಯಿಂದಲೇ ಕಾರ್ಡ್ ಬೇಕು. ಮದರ್‌ಬೋರ್ಡ್ ಸತ್ತ ದಿನ ಫೋನಿನೊಳಗಿನ ರೆಕಾರ್ಡಿಂಗ್ ಅದರ ಜೊತೆ ಹೋಗುತ್ತದೆ, ಕಾರ್ಡಿನಲ್ಲಿದ್ದದ್ದು ಕೈಗೆ ಸಿಗುತ್ತದೆ. ಭಾಗವತರೊಬ್ಬರ ಕೊನೆಯ ಆಟದ ಪದಗಳನ್ನು ಹೀಗೆ ಕಳೆದುಕೊಂಡು ನನ್ನ ಟೇಬಲ್ ಮುಂದೆ ಸುಮ್ಮನೆ ನಿಂತವರನ್ನು ಕಂಡಿದ್ದೇನೆ.

ನಿಮ್ಮ ಕೆಲಸಕ್ಕೆ ಸದ್ಯದ ದಾರಿ ಹೇಳುತ್ತೇನೆ. ಟೈಪ್-ಸಿ ತೂತಿಗೆ ಹಾಕುವ ಮೈಕ್ ಸಿಗುತ್ತದೆ, ಚೆಂಡೆಯ ಪೆಟ್ಟಿಗೆ ಫೋನಿನ ಮೈಕ್ ಒಡೆದ ಹಾಗೆ ಕೇಳಿಸುವುದು ಅದರಿಂದ ಎಷ್ಟೋ ಕಡಿಮೆಯಾಗುತ್ತದೆ. ಚಾರ್ಜಿಗೂ ಅದೇ ತೂತು ಬೇಕಲ್ಲ ಎನ್ನುತ್ತೀರಿ, ಸರಿಯೇ, ಆಟಕ್ಕೆ ಮೊದಲು ಪೂರ್ತಿ ಚಾರ್ಜ್ ಮಾಡಿ ಮಧ್ಯೆ ಒಂದು ಪ್ರಸಂಗದ ಬಿಡುವಿನಲ್ಲಿ ಪವರ್ ಬ್ಯಾಂಕ್ ಹಾಕಿಕೊಳ್ಳಿ. ಕಾರ್ಡ್ ಮತ್ತು ಜ್ಯಾಕ್ ಇರುವ ಕಡಿಮೆ ಬೆಲೆಯ ಫೋನುಗಳು ಇನ್ನೂ ಬರುತ್ತಿವೆ. ರೆಕಾರ್ಡಿಂಗಿಗೆ ಅಂತಲೇ ಅಂಥದ್ದೊಂದು ಇಟ್ಟುಕೊಂಡರೆ ಒಳ್ಳೆಯದು.

"ಮಿಲಿಟರಿ ಗ್ರೇಡ್" ಅಂತ ಬರೆದಿರುವ ಫೋನ್ ಬಿದ್ದರೂ ಒಡೆಯುವುದಿಲ್ಲವಾ?
(ಸುರತ್ಕಲ್‌ನ ವಿದ್ಯಾರ್ಥಿ)

ಒಡೆಯಬಹುದು ತಮ್ಮಾ. ಅವರು ಹೇಳುವುದು ಅಮೆರಿಕದ ರಕ್ಷಣಾ ಇಲಾಖೆಯ ಎಂಐಎಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ವಿಧಾನವನ್ನು. ಅದರಲ್ಲಿ ಬೀಳಿಸುವುದು, ಬಿಸಿ, ಚಳಿ, ಉಪ್ಪಿನ ಮಂಜು, ಕಂಪನ ಹೀಗೆ ತುಂಬಾ ಪರೀಕ್ಷೆಗಳಿವೆ. ಯಾವುದನ್ನು ಮಾಡಬೇಕೆಂದು ಕಂಪನಿಯೇ ಆರಿಸಿಕೊಳ್ಳುತ್ತದೆ. ಪಾಸಾಯಿತು ಎಂದು ಮೊಹರು ಒತ್ತುವ ಸರಕಾರಿ ಸಂಸ್ಥೆ ಯಾವುದೂ ಇಲ್ಲ. 2008ರ ಜಿ ಆವೃತ್ತಿಯಲ್ಲಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುವ ಪರೀಕ್ಷೆ ಇದೆ, ಆದರೆ ಆ 26 ಬೀಳುಗಳನ್ನು 5 ಫೋನುಗಳಿಗೆ ಹಂಚಬಹುದು. ಹಾಗಾಗಿ ಆ ಹೆಸರಿನ ಜೊತೆ ಯಾವ ಯಾವ ಪರೀಕ್ಷೆ ಮಾಡಿದ್ದೇವೆ ಎಂದು ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ. ನಮ್ಮ ಕಡೆಗೆ ಉಪ್ಪಿನ ಮಂಜಿನ ಪರೀಕ್ಷೆ ಇದೆಯಾ ನೋಡು.

ನಾವು ಶಂಕರಪುರದವರು, ಮನೆಯಲ್ಲಿ ಮಲ್ಲಿಗೆ ಕಟ್ಟುತ್ತೇವೆ. ಮಗ ಪ್ರೀತಿಯಿಂದ ದುಬಾರಿ ಫೋನ್ ತಂದುಕೊಟ್ಟ. ಮುಂದೆ ಹಿಂದೆ ಎರಡೂ ಗ್ಲಾಸು, ಅಂಚು ಬಾಗಿದೆ. ಕೈ ಒದ್ದೆ ಇದ್ದಾಗ ಜಾರುತ್ತದೆ, ಒತ್ತಿದರೆ ಬೇರೆ ಎಂತದೋ ಆಗುತ್ತದೆ. ಹೂವಿನ ಕಟ್ಟೆಯಿಂದ ಮಲ್ಲಿಗೆ ಅಟ್ಟೆಯ (ಕಟ್ಟಿದ ಹೂವಿನ ಅಳತೆ) ರೇಟ್ ಹೇಳಲು ಫೋನ್ ಬಂದರೆ ತೆಗೆಯಲಿಕ್ಕೇ ಆಗುವುದಿಲ್ಲ. ಎರಡು ಸಲ ಬಿದ್ದು ಮೂಲೆ ಒಡೆದಿದೆ. ಮಗನಿಗೆ ಹೇಳಿದರೆ ಬೇಜಾರಾದೀತು. ಎಂತ ಮಾಡುವುದು?
(ಶಂಕರಪುರದ ಓದುಗರು)

ಅಕ್ಕಾ, ನಿಮ್ಮ ಪತ್ರ ಓದಿ ಫೋನ್ ಮಾಡುವ ಎಂಜಿನಿಯರುಗಳನ್ನೆಲ್ಲ ಒಂದು ದಿನ ಬೆಳಿಗ್ಗೆ ಶಂಕರಪುರಕ್ಕೆ ಕರೆದುಕೊಂಡು ಬರಬೇಕು ಅನ್ನಿಸಿತು. ನನ್ನ ಚಿಕ್ಕಮ್ಮನ ಮನೆಯಲ್ಲೂ ಮಲ್ಲಿಗೆ ಉಂಟು. ಒದ್ದೆ ಬಾಳೆನಾರು ಎಡಗೈ ಬೆರಳಿಗೆ ಸುತ್ತಿರುತ್ತದೆ, ಬಲಗೈ ಮೊಗ್ಗು ಜೋಡಿಸುತ್ತಾ ಇರುತ್ತದೆ, ಬೆರಳ ತುದಿ ನೀರಿಗೆ ನೆನೆದು ಸುಕ್ಕಾಗಿರುತ್ತದೆ, ಮಡಿಲಲ್ಲಿ ಹೂ, ಪಕ್ಕದಲ್ಲಿ ಫೋನು. ಆ ಕೈಗೆ ಬೇಕಾದ ಫೋನ್ ಯಾವುದು ಎಂದು ಯಾರೂ ಕೇಳಿಲ್ಲ.

ಮೊದಲು ಒದ್ದೆ ಬೆರಳಿನ ವಿಷಯ. ಪರದೆಯ ಕೆಳಗೆ ಕಣ್ಣಿಗೆ ಕಾಣದ ತಂತಿಯ ಬಲೆ ಇರುತ್ತದೆ. ಬೆರಳು ತಾಗಿದಾಗ ಅಲ್ಲಿಯ ವಿದ್ಯುತ್ತಿನಲ್ಲಿ ಸಣ್ಣ ವ್ಯತ್ಯಾಸವಾಗುತ್ತದೆ, ಅದರಿಂದ ಎಲ್ಲಿ ಒತ್ತಿದಿರಿ ಎಂದು ಫೋನಿಗೆ ಗೊತ್ತಾಗುತ್ತದೆ. ನೀರಿನ ಹನಿಯೂ ಅದೇ ವ್ಯತ್ಯಾಸ ಮಾಡುವುದರಿಂದ ಹನಿ ಯಾವುದು, ಬೆರಳು ಯಾವುದು ಎಂದು ಅದಕ್ಕೆ ಗಲಿಬಿಲಿ. ತಪ್ಪು ನಿಮ್ಮದಲ್ಲ. ಈಗೀಗ ಕೆಲವು ಫೋನುಗಳಲ್ಲಿ ಇದನ್ನು ಸುಧಾರಿಸಿದ್ದಾರೆ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಬಟನ್ ಒತ್ತಿ ಕರೆ ತೆಗೆಯುವ ಅವಕಾಶ ಇದೆಯಾ ಎಂದು ಮಗನ ಹತ್ತಿರ ನೋಡಿಸಿ, ಕೆಲವು ಕಂಪನಿಗಳ ಫೋನಿನಲ್ಲಿ ಇರುತ್ತದೆ. ಬಟನ್ನಿಗೆ ಕೈ ಒದ್ದೆಯಾದರೆ ಏನೂ ಇಲ್ಲ.

ಬಾಗಿದ ಗ್ಲಾಸಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹಿಡಿಯಲು ಅಂಚು ಸಿಗುವುದಿಲ್ಲ, ಪೌಚ್ ಹಾಕಿದರೂ ಅಂಚು ಪೂರ್ತಿ ಮುಚ್ಚುವುದಿಲ್ಲ, ಟೆಂಪರ್ಡ್ ಗ್ಲಾಸ್ ಸರಿಯಾಗಿ ಕೂರುವುದಿಲ್ಲ, ಒಡೆದರೆ ಗ್ಲಾಸು, ಪರದೆ ಸೇರಿದ ಡಿಸ್‌ಪ್ಲೇ ಕಾಂಬೋ ಸಪಾಟು ಪರದೆಗಿಂತ ದುಬಾರಿ. ನೋಡಲು ಚಂದ, ನಿಜ. ಕೆಲಸಕ್ಕೆ ಅದರಿಂದ ಏನು ಸಿಕ್ಕಿತು ಎಂದು 10 ವರ್ಷದಿಂದ ಹುಡುಕುತ್ತಿದ್ದೇನೆ. ಹಿಂದಿನ ಗ್ಲಾಸಿಗಾದರೂ ಒಂದು ಕಾರಣ ಉಂಟು, ವೈರ್‌ಲೆಸ್ ಚಾರ್ಜಿಂಗ್ ಲೋಹದ ಮೂಲಕ ಹೋಗುವುದಿಲ್ಲ. ಪ್ಲಾಸ್ಟಿಕ್ ಮೂಲಕವೂ ಚೆನ್ನಾಗಿಯೇ ಹೋಗುತ್ತದೆ, ಪ್ಲಾಸ್ಟಿಕ್ ಬಿದ್ದರೆ ಒಡೆಯುವುದೂ ಕಡಿಮೆ, ಆದರೆ ಪ್ಲಾಸ್ಟಿಕ್ ಅಂದರೆ ಅಗ್ಗ ಎಂಬ ಭಾವನೆ ನಮ್ಮಲ್ಲೇ ಬಂದುಬಿಟ್ಟಿದೆ.

2003ರಲ್ಲಿ ಬಂದ ನೋಕಿಯಾ 1100 ನಿಮಗೆ ನೆನಪಿರಬಹುದು. ಧೂಳು ಹೋಗದ ಹಾಗೆ ಒಂದೇ ತುಂಡಿನ ರಬ್ಬರ್ ಕೀಪ್ಯಾಡ್, ಬೆವರಿದ ಕೈಯಲ್ಲೂ ಜಾರದ ಬದಿ, ಮೇಲೆ ಟಾರ್ಚ್. ಪ್ರಪಂಚದಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ಕರೆಂಟ್ ಹೋಗುವ, ಧೂಳು ಏಳುವ, ಬೆವರು ಸುರಿಯುವ ಊರಿನ ಜನರನ್ನು ನೋಡಿ ಮಾಡಿದ ಫೋನ್ ಅದು. ಅಲ್ಲಿ ಗಟ್ಟಿತನ ಬೇರೆ, ಸೌಲಭ್ಯ ಬೇರೆ ಆಗಿರಲಿಲ್ಲ. ಜಾರದ ಬದಿಯೇ ಒಂದು ಸೌಲಭ್ಯವಾಗಿತ್ತು.

ಈಗ ನಿಮಗೆ: ಒರಟು ಮೇಲ್ಮೈ ಇರುವ, ಮೂಲೆ ದಪ್ಪ ಇರುವ, ಪರದೆಗಿಂತ ಸ್ವಲ್ಪ ಎತ್ತರಕ್ಕೆ ಅಂಚು ಬಂದಿರುವ ಪೌಚ್ ಹಾಕಿಸಿ. ಪಾರದರ್ಶಕ ನುಣುಪು ಪೌಚ್ ಬೇಡ. ಒಡೆದ ಮೂಲೆಯ ಮೇಲೆ ಸದ್ಯಕ್ಕೆ ಪಾರದರ್ಶಕ ಟೇಪ್ ಅಂಟಿಸಿ, ಬಿರುಕಿನಿಂದ ನೀರು ಇಳಿಯುತ್ತದೆ. ಮಗನಿಗೆ ಹೇಳಿ ಅಕ್ಕಾ, ಬೇಜಾರಾಗುವುದಿಲ್ಲ. ಅಮ್ಮನ ಕೈ ಹೇಗಿರುತ್ತದೆ ಎಂದು ಅವನಿಗೆ ಗೊತ್ತು.

ನಾನು ಮಂಗಳೂರಿನಲ್ಲಿ ರಿಕ್ಷಾ ಓಡಿಸುವವ. ಫೋನ್ ಇಡೀ ದಿನ ಹ್ಯಾಂಡಲ್ ಹತ್ತಿರ ಬಿಸಿಲಲ್ಲಿ, ಚಾರ್ಜಿಂಗಿನಲ್ಲೇ ಇರುತ್ತದೆ. ಎರಡು ವರ್ಷಕ್ಕೆ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದೆ. ಬೇರೆಲ್ಲ ಸರಿ ಉಂಟು. ಹೊಸದೇ ತಗೊಳ್ಳಿ ಅಂತಾರೆ. ಬ್ಯಾಟರಿ ಹಾಕಿಸಬಹುದಾ?
(ಕಂಕನಾಡಿಯ ಓದುಗರು)

ಮೊದಲು ಒಂದು ಮಾತು ಮಾರಾಯ್ರೆ, ಉಬ್ಬಿದ ಬ್ಯಾಟರಿಯ ಫೋನನ್ನು ಇವತ್ತಿನಿಂದಲೇ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಒಳಗೆ ಅನಿಲ ತುಂಬಿದೆ. ಬೆಂಕಿ ಹತ್ತಬಹುದು. ಇವತ್ತೇ ರಿಪೇರಿಯವರ ಹತ್ತಿರ ಕೊಡಿ.

ಬ್ಯಾಟರಿ ಖಂಡಿತ ಹಾಕಿಸಬಹುದು. ಬೇರೆಲ್ಲ ಸರಿ ಇರುವ ಫೋನನ್ನು ಬಿಸಾಡುವುದು ನನಗೆ ಹೊಟ್ಟೆ ಉರಿಯುವ ವಿಷಯ. ಟಯರ್ ಸವೆಯಿತು ಎಂದು ಯಾರಾದರೂ ರಿಕ್ಷಾ ಮಾರುತ್ತಾರಾ? ಲಿಥಿಯಂ ಬ್ಯಾಟರಿ ಟಯರಿನ ಹಾಗೆಯೇ, ಸವೆಯುವುದಕ್ಕೇ ಇರುವುದು. ಬಿಸಿ ಜಾಸ್ತಿಯಾದಷ್ಟೂ, ಚಾರ್ಜ್ ಶೇ. 100ರಲ್ಲೇ ಇಟ್ಟಷ್ಟೂ ಬೇಗ ಸವೆಯುತ್ತದೆ. ನಿಮ್ಮದು ಎರಡೂ ಒಟ್ಟಿಗೆ ಆಗಿದೆ. ಹೊಸ ಬ್ಯಾಟರಿ ಹಾಕಿಸಿದ ಮೇಲೆ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿ. ಫಾಸ್ಟ್ ಚಾರ್ಜರ್ ರಿಕ್ಷಾದಲ್ಲಿ ಬೇಡ, ನಿಧಾನದ್ದು ಸಾಕು. ಫೋನ್ ಸ್ವಲ್ಪ ಒಳಗೆ, ನೆರಳಿಗೆ ಬರುವ ಹಾಗೆ ಹೋಲ್ಡರ್ ಸರಿಸಿ.

ತೊಂದರೆ ಇರುವುದು ಬ್ಯಾಟರಿ ತೆಗೆಯುವುದರಲ್ಲಿ. ಎಷ್ಟೋ ಫೋನಿನಲ್ಲಿ ಅದನ್ನು ಇಡಿಯಾಗಿ ಅಂಟಿಸಿರುತ್ತಾರೆ, ಬಿಸಿ ಮಾಡಿ ಎಬ್ಬಿಸುವಾಗ ಬಗ್ಗಿದರೆ ಹೊಗೆ. ಮನಸ್ಸು ಮಾಡಿದರೆ ಇದಕ್ಕೂ ದಾರಿ ಉಂಟು. 2024ರ ಐಫೋನ್ 16ರಲ್ಲಿ ಸಣ್ಣ ಕರೆಂಟ್ ಕೊಟ್ಟರೆ ತಾನಾಗಿ ಬಿಟ್ಟುಕೊಳ್ಳುವ ಅಂಟು ಹಾಕಿದರು. ನೆದರ್ಲೆಂಡಿನ ಫೇರ್‌ಫೋನ್ ಕಂಪನಿ 2023ರಲ್ಲಿ ತಂದ ಫೇರ್‌ಫೋನ್ 5ರಲ್ಲಿ ಬ್ಯಾಟರಿ ಕೈಯಿಂದಲೇ ತೆಗೆಯಬಹುದು, ಆದರೆ ಅದರ ನೀರಿನ ರಕ್ಷಣೆ ಐಪಿ55, ಅಂದರೆ ಮಳೆ ಹನಿಗೆ ಸಾಕು, ಮುಳುಗಿಸುವ ಹಾಗಿಲ್ಲ. ಯುರೋಪಿನಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ. ಮಾರುವ ಪ್ರತಿ ಸ್ಮಾರ್ಟ್‌ಫೋನಿನ ಬ್ಯಾಟರಿ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಶೇ. 80 ಶಕ್ತಿ ಉಳಿಸಿಕೊಂಡಿರಬೇಕು, ಮಾಡೆಲ್ ನಿಲ್ಲಿಸಿದ ಮೇಲೂ 7 ವರ್ಷ ಬಿಡಿಭಾಗ ಸಿಗಬೇಕು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಷರತ್ತು. ಬ್ಯಾಟರಿಯನ್ನು ಸುಲಭವಾಗಿ ತೆಗೆಯುವ ಹಾಗೆ ಮಾಡದಿದ್ದರೆ, ಅದು 1000 ಸಲ ಚಾರ್ಜ್ ಆದರೂ ಶೇ. 80 ಉಳಿಯುವಂಥದ್ದಾಗಿರಬೇಕು, ಫೋನ್ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕು. ಅಂಟಿಸುತ್ತೀರಾ, ಅಂಟಿಸಿ, ಆದರೆ ಅದಕ್ಕೆ ತಕ್ಕ ಬಾಳಿಕೆ ಕೊಡಿ ಎಂದ ಹಾಗೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ. ಕಾನೂನು ಮಾಡಿ ಕಂಪನಿಗಳನ್ನು ಕಟ್ಟಿಹಾಕುವ ಕೆಲಸ ಇನ್ನೂ ಆಗಬೇಕು.

ಸಾಫ್ಟ್‌ವೇರ್ ಬಗ್ಗೆಯೂ ಕೇಳಿಕೊಂಡು ತೆಗೆದುಕೊಳ್ಳಿ. ಫೋನ್ ಕಲ್ಲಿನಷ್ಟು ಗಟ್ಟಿ ಇದ್ದರೂ ಅಪ್‌ಡೇಟ್ ನಿಂತ ಕೆಲವು ವರ್ಷಕ್ಕೆ ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ, ಕ್ಯೂಆರ್ ದುಡ್ಡು ಬಂತಾ ಎಂದು ನೋಡಲಾಗದ ಫೋನ್ ನಿಮಗೆ ಯಾಕೆ? ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಬಂದ ಮೇಲೆ 7 ವರ್ಷದ ಅಪ್‌ಡೇಟ್ ಭರವಸೆ ಶುರುವಾಗಿದೆ. ಕಡಿಮೆ ಬೆಲೆಯವುಗಳಲ್ಲಿ ಎಷ್ಟು ವರ್ಷ ಎಂದು ಕೇಳಿ, ಬರೆದದ್ದನ್ನು ತೋರಿಸಿ ಎನ್ನಿ.

ನಾನು ಮಣಿಪಾಲದಲ್ಲಿ ಡಿಸೈನ್ ಓದುತ್ತಿದ್ದೇನೆ. ಕರಾವಳಿಗೆ ಹೊಂದುವ ಫೋನಿನ ಮಾದರಿ ಮಾಡುವುದು ನನ್ನ ಪ್ರಾಜೆಕ್ಟ್. ನೀವಾಗಿದ್ದರೆ ಏನು ಬಿಡುತ್ತಿದ್ದಿರಿ, ಏನು ಇಟ್ಟುಕೊಳ್ಳುತ್ತಿದ್ದಿರಿ ಸರ್?
(ಮಣಿಪಾಲದ ವಿದ್ಯಾರ್ಥಿನಿ)

ಈ ಪ್ರಶ್ನೆಗೆ ನಾನು ಎಷ್ಟೋ ವರ್ಷದಿಂದ ಕಾಯುತ್ತಿದ್ದೆ ಅಂತ ಹೇಳಬೇಕು.

ತೆಳುತನ ಬಿಡುತ್ತಿದ್ದೆ. 2 ಮಿಲಿಮೀಟರ್ ಹೆಚ್ಚು ದಪ್ಪ ಮಾಡಿದರೆ ಬ್ಯಾಟರಿಗೆ ಜಾಗ ಸಿಗುತ್ತದೆ, ಅಂಟಿನ ಬದಲು ರಬ್ಬರ್ ಪಟ್ಟಿ ಮತ್ತು ಸ್ಕ್ರೂ ಹಾಕಬಹುದು, ಹಿಂದೆ ಕ್ಯಾಮೆರಾ ಗುಡ್ಡದ ಹಾಗೆ ಎದ್ದು ನಿಲ್ಲುವುದಿಲ್ಲ. ಹೇಗೂ ಎಲ್ಲರೂ ದಪ್ಪ ಪೌಚ್ ಹಾಕಿಯೇ ಹಾಕುತ್ತಾರೆ. ಬಾಗಿದ ಪರದೆ, ಹಿಂದಿನ ಗ್ಲಾಸ್ ಎರಡೂ ಬೇಡ. ಮೂರು ನಾಲ್ಕು ಕ್ಯಾಮೆರಾ ಬೇಡ, ಒಳ್ಳೆಯದು ಒಂದು ಸಾಕು, ಅದರ ಮೇಲಿನ ಗಾಜು ಮಾತ್ರ ಗಟ್ಟಿ ಇರಲಿ, ಮಲ್ಪೆಯ ಮರಳು ಗಾಜಿಗಿಂತ ಕಠಿಣ. ಗಟ್ಟಿತನ ಅಳೆಯುವ ಮೋಸ್ (Mohs) ಮಾಪನದಲ್ಲಿ ಗಾಜಿಗೆ ಗೀರು ಬೀಳುವುದು ಸುಮಾರು 6ಕ್ಕೆ, ಮರಳಿನ ಸ್ಫಟಿಕ 7.

ಇಟ್ಟುಕೊಳ್ಳುವುದರಲ್ಲಿ ಮೊದಲನೆಯದು ಮೆಮೊರಿ ಕಾರ್ಡ್. ಆಮೇಲೆ ಒದ್ದೆ ಕೈಗೂ ಕೆಲಸ ಮಾಡುವ ಎರಡು ಮೂರು ನಿಜವಾದ ಬಟನ್. ಬಿಸಿಲಲ್ಲಿ ಓದಲು ಆಗುವಷ್ಟು ಬೆಳಕಿನ ಪರದೆ. ಜೋರಾದ ಸ್ಪೀಕರ್, ಬೋಟಿನ ಎಂಜಿನ್ ಸದ್ದಿನಲ್ಲೂ ಕೇಳಬೇಕು. ಹೆಡ್‌ಫೋನ್ ಜ್ಯಾಕ್ ಇದ್ದರೆ ಎಫ್‌ಎಂ ರೇಡಿಯೋ ಕೂಡ ಸಿಗುತ್ತದೆ, ಇಯರ್‌ಫೋನಿನ ವಯರೇ ಅದಕ್ಕೆ ಏರಿಯಲ್. ಚಂಡಮಾರುತದ ದಿನ ಟವರ್ ಬಿದ್ದು ನೆಟ್‌ವರ್ಕ್ ಹೋದರೂ ಆಕಾಶವಾಣಿ ಮಂಗಳೂರು ಕೇಳುತ್ತದಲ್ಲ, ಅದು ಕಡಲಿಗೆ ಹೋಗುವವರ ಮನೆಗೆ ಸಣ್ಣ ಸೌಲಭ್ಯವಲ್ಲ.

ತುಂಬಾ ಯೋಚಿಸಬೇಕಾದ್ದು ಚಾರ್ಜಿಂಗ್ ತೂತು. ಅದನ್ನೇ ತೆಗೆದು ವೈರ್‌ಲೆಸ್ ಮಾತ್ರ ಇಟ್ಟರೆ ಉಪ್ಪಿಗೆ ಬಾಗಿಲೇ ಇಲ್ಲ. ಆದರೆ ವೈರ್‌ಲೆಸ್‌ನಲ್ಲಿ ಕರೆಂಟ್ ಪೋಲು, ಬಿಸಿ ಜಾಸ್ತಿ, ನಮ್ಮ ಸೆಕೆಯಲ್ಲಿ ಬ್ಯಾಟರಿಗೆ ಅದೇ ಶತ್ರು. ಮೈಕ್, ಪೆನ್‌ಡ್ರೈವ್ ಕೂಡ ಸಿಕ್ಕಿಸಲಾಗುವುದಿಲ್ಲ. ನಾನಾಗಿದ್ದರೆ ತೂತು ಇಡುತ್ತಿದ್ದೆ, ಅದು ಹಾಳಾಗಿಯೇ ಆಗುತ್ತದೆ ಎಂದು ಒಪ್ಪಿಕೊಂಡು ಸುಲಭವಾಗಿ ಬಿಚ್ಚಬಹುದಾದ ಚಿಕ್ಕ ಸಬ್ ಬೋರ್ಡಿನ ಮೇಲೆ ಕೂರಿಸುತ್ತಿದ್ದೆ. ಅದಕ್ಕೂ ಮದರ್‌ಬೋರ್ಡಿಗೂ ಮಧ್ಯೆ ಇನ್ನೊಂದು ಸೀಲ್. ಎರಡು ಸ್ಕ್ರೂ ಬಿಚ್ಚಿದರೆ ಹಳೆಯದು ಹೊರಗೆ, ಹೊಸದು ಒಳಗೆ. ಮಲ್ಪೆಯ ಆ ಓದುಗರ ಫೋನ್ ಹಾಗಿದ್ದಿದ್ದರೆ ಹತ್ತು ನಿಮಿಷದ ಕೆಲಸ.

ನೀನು ಇದನ್ನು ಒಪ್ಪಬೇಕಂತಿಲ್ಲಮ್ಮ. ವೈರ್‌ಲೆಸ್ಸೇ ಸರಿ ಅನ್ನುವ ವಾದವೂ ಗಟ್ಟಿಯಾಗಿಯೇ ಉಂಟು. ಮಾದರಿ ಮಾಡುವ ಮೊದಲು ಒಂದು ದಿನ ಬೆಳಿಗ್ಗೆ ಐದಕ್ಕೆ ದಕ್ಕೆಗೆ ಹೋಗು, ಜೂನ್, ಜುಲೈಯಲ್ಲಿ ಮೀನುಗಾರಿಕೆ ರಜೆ, ಹಾಗಾಗಿ ಆಗಸ್ಟಿನಲ್ಲಿ. ಏಲಂ ನಡೆಯುವಾಗ ಅವರು ಫೋನನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ, ಯಾವ ಬೆರಳಲ್ಲಿ ಒತ್ತುತ್ತಾರೆ ನೋಡು. ಆಮೇಲೆ ನನ್ನ ಟೇಬಲ್ ಹತ್ತಿರ ಬಾ. ಉಪ್ಪು ತಿಂದ ಸಬ್ ಬೋರ್ಡುಗಳನ್ನು ಒಂದು ಡಬ್ಬದಲ್ಲಿ ಕೂಡಿಟ್ಟಿದ್ದೇನೆ, ಎಲ್ಲಿಂದ ಶುರುವಾಗಿ ಎಲ್ಲಿಯವರೆಗೆ ತಿಂದಿದೆ ಎಂದು ಒಂದೊಂದನ್ನೂ ತೋರಿಸುತ್ತೇನೆ.